ನಿಮಗಿದು ಗೊತ್ತೇ? ಮೈಬಣ್ಣ ನೋಡಿ ಅಳೆದ ಪಿಂಚಣಿ

ಪಿಂಚಣಿ ಯಾರೋ ಕೊಡುವ ದಾನವಲ್ಲ. ದುಡಿಯುವ ಕಾಲದಲ್ಲಿ ಕೈಗೆ ಬಾರದೆ ಉಳಿದ ಸಂಬಳದ ಪಾಲು ಅದು, ಮುಪ್ಪಿನಲ್ಲಿ ಬಂದು ಸೇರಬೇಕಾದ ಸ್ವಂತ ದುಡ್ಡು. ವಸಾಹತುಗಳನ್ನು ಆಳಿದ ದೇಶಗಳು ಈ ದುಡ್ಡನ್ನು ತೂಗಲು ಎರಡು ತಕ್ಕಡಿ ಇಟ್ಟುಕೊಂಡಿದ್ದವು. ಮೊದಮೊದಲು ಜನಾಂಗದ ಹೆಸರು ಹೇಳಿಯೇ ಕಡಿಮೆ ಕೊಟ್ಟರು. ಹಾಗೆ ಬಾಯಿಬಿಟ್ಟು ಹೇಳುವುದು ನಾಚಿಕೆಗೇಡು ಎನಿಸಿದ ಮೇಲೆ ಪೌರತ್ವ, ವಾಸದ ಊರು, ನಿವೃತ್ತಿಯ ದಿನಾಂಕ ಎಂಬ ನೆಪಗಳು ಹುಟ್ಟಿಕೊಂಡವು. ನೆಪ ಬದಲಾದರೂ ನಷ್ಟ ಅನುಭವಿಸಿದವರು ಅದೇ ಜನ. ಆ ಲೆಕ್ಕದ ಪುಸ್ತಕದಿಂದ ಕೆಲವು ಸಂಗತಿಗಳು ಇಲ್ಲಿವೆ.

ನಮ್ಮ ನೆಲದಲ್ಲಿ

● ಬಂಗಾಳದ ನವಾಬ ಮೀರ್ ಜಾಫರ್ ಸಾಯುವಾಗ ರಾಬರ್ಟ್ ಕ್ಲೈವನಿಗೆ 5 ಲಕ್ಷ ರೂಪಾಯಿ ಬಿಟ್ಟುಹೋದ. ಆ ಹಣದಿಂದ 1770ರಲ್ಲಿ ‘ಲಾರ್ಡ್ ಕ್ಲೈವ್ ನಿಧಿ’ ಶುರುವಾಯಿತು. ಈಸ್ಟ್ ಇಂಡಿಯಾ ಕಂಪನಿಯ ಸೇನೆಯಲ್ಲಿ ಅಶಕ್ತರಾದ ಯುರೋಪಿಯನ್ ಅಧಿಕಾರಿಗಳು, ಸೈನಿಕರು ಮತ್ತು ಅವರ ವಿಧವೆಯರಿಗೆ ಅದರಿಂದ ಪಿಂಚಣಿ ಸಿಗುತ್ತಿತ್ತು. ಹಣ ಬಂಗಾಳದ್ದು. ಅದೇ ಕಂಪನಿಗಾಗಿ ಹೋರಾಡಿದ ಭಾರತೀಯ ಸಿಪಾಯಿಗಳಿಗೆ ಅದರಲ್ಲಿ ಪಾಲಿರಲಿಲ್ಲ.

● 1879ರಲ್ಲಿ ಲಾರ್ಡ್ ಲಿಟ್ಟನ್ ಸರ್ಕಾರ ಭಾರತೀಯರಿಗೆಂದೇ ‘ಸ್ಟ್ಯಾಚ್ಯುಟರಿ ಸಿವಿಲ್ ಸರ್ವಿಸ್’ ಆರಂಭಿಸಿತು. ಅಲ್ಲಿಗೆ ಸೇರಿದವರಿಗೆ ಐಸಿಎಸ್ (ಇಂಡಿಯನ್ ಸಿವಿಲ್ ಸರ್ವಿಸ್) ಅಧಿಕಾರಿಯ ಸಂಬಳದ ಸುಮಾರು ಮೂರನೇ ಎರಡು ಭಾಗ ಮಾತ್ರ. ಪಿಂಚಣಿಗೆ ಸಂಬಳವೇ ಬುನಾದಿ. ನೌಕರಿಯ ಮೊದಲ ದಿನ ಆದ ಕಡಿತ ಸಾಯುವ ದಿನದವರೆಗೂ ಬೆನ್ನಿಗೆ ಅಂಟಿಕೊಂಡಿರುತ್ತಿತ್ತು.

● ವಿಜ್ಞಾನಿ ಜಗದೀಶಚಂದ್ರ ಬೋಸ್ 1885ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಅಧ್ಯಾಪಕರಾಗಿ ಸೇರಿದಾಗ ಯುರೋಪಿಯನ್ ಸಹೋದ್ಯೋಗಿಗಳಿಗಿಂತ ಕಡಿಮೆ ಸಂಬಳ ನಿಗದಿಯಾಯಿತು. ಅವರು ಜಗಳಕ್ಕೆ ಹೋಗಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಮೂರು ವರ್ಷ ಪಾಠ ಹೇಳಿದರು, ಆದರೆ ಸಂಬಳವನ್ನು ಮುಟ್ಟಲಿಲ್ಲ. ಕೊನೆಗೆ ಸರ್ಕಾರವೇ ಮಣಿದು ಪೂರ್ತಿ ಸಂಬಳವನ್ನು ಬಾಕಿ ಸಮೇತ ಕೊಟ್ಟಿತು. ಅಷ್ಟು ಕಾಲ ಸಂಬಳವಿಲ್ಲದೆ ಬದುಕುವ ಶಕ್ತಿ ಎಲ್ಲ ಗುಮಾಸ್ತರಿಗೂ ಇರಲಿಲ್ಲ.

● ಬೆಳ್ಳಿಯ ಬೆಲೆ ಬಿದ್ದು ರೂಪಾಯಿ ಕುಸಿದಾಗ, ಇಂಗ್ಲೆಂಡಿಗೆ ಹಣ ಕಳಿಸುವ ಅಧಿಕಾರಿಗಳಿಗೆ ನಷ್ಟವಾಗುತ್ತದೆಂದು 1893ರಲ್ಲಿ ‘ವಿನಿಮಯ ಪರಿಹಾರ ಭತ್ಯೆ’ ಬಂತು. ಭಾರತದಲ್ಲಿ ನೆಲೆ ಇಲ್ಲದ ಯುರೋಪಿಯನ್ನರು ಮತ್ತು ಯುರೇಷಿಯನ್ನರಿಗೆ ಅದು ಮೀಸಲು. ತೆರಿಗೆ ಕಟ್ಟಿದವರು ಭಾರತೀಯರು. ಕಾಂಗ್ರೆಸ್ ಇದನ್ನು ವಿರೋಧಿಸಿತು.

● 1924ರ ಲೀ ಆಯೋಗ ಏಷ್ಯಾದಲ್ಲಿ ನೆಲೆ ಇಲ್ಲದ ಅಧಿಕಾರಿಗಳಿಗೆ ಸೇವಾವಧಿಯಲ್ಲಿ ನಾಲ್ಕು ಬಾರಿ ತಾಯ್ನಾಡಿಗೆ ಹೋಗಿಬರುವ ಹಡಗಿನ ಖರ್ಚನ್ನು ಸರ್ಕಾರವೇ ಕೊಡಬೇಕೆಂದು ಶಿಫಾರಸು ಮಾಡಿತು. ಜನಾಂಗದ ಹೆಸರೆತ್ತದೆ, ನೆಲೆಯ ಲೆಕ್ಕದಲ್ಲೇ ಬಿಳಿಯರನ್ನೂ ಕರಿಯರನ್ನೂ ಬೇರ್ಪಡಿಸುವ ದಾರಿ ಇದು. ಮುಂದೆ ಪಿಂಚಣಿಯಲ್ಲೂ ಇದೇ ದಾರಿ ರೂಢಿಯಾಯಿತು.

● ಕೊಡಗಿನ ಕೆ.ಎಂ. ಕಾರ್ಯಪ್ಪ 1919ರಲ್ಲಿ ಇಂದೋರಿನ ಡೇಲಿ ಕಾಲೇಜಿನಿಂದಲೂ, ಕೆ.ಎಸ್. ತಿಮ್ಮಯ್ಯ 1926ರಲ್ಲಿ ಸ್ಯಾಂಡ್‌ಹರ್ಸ್ಟ್‌ನಿಂದಲೂ ಬ್ರಿಟಿಷ್ ಅಧಿಕಾರಿಗಳಂತೆ ಕಿಂಗ್ಸ್ ಕಮಿಷನ್ ಪಡೆದು ಸೇನಾಧಿಕಾರಿಗಳಾದರು. 1932ರಲ್ಲಿ ಡೆಹ್ರಾಡೂನಿನಲ್ಲಿ ಸೇನಾ ಅಕಾಡೆಮಿ ತೆರೆದ ಮೇಲೆ ಅಲ್ಲಿಂದ ಹೊರಬಂದ ಭಾರತೀಯ ಅಧಿಕಾರಿಗಳಿಗೆ ಸಂಬಳವನ್ನು ಕಡಿಮೆ ಮಾಡಿದರು. ಸ್ವಂತ ದೇಶದಲ್ಲೇ ಇರುವವರಿಗೆ ಅಷ್ಟೇಕೆ ಎಂಬುದು ವಾದ. ಅದೇ ರೆಜಿಮೆಂಟಿನ ಅದೇ ದರ್ಜೆಯ ಬ್ರಿಟಿಷ್ ಅಧಿಕಾರಿಗೆ ಹೆಚ್ಚು ಸಿಗುತ್ತಿತ್ತು.

● 1947ರಲ್ಲಿ ಅಧಿಕಾರ ಹಸ್ತಾಂತರವಾದಾಗ, ವೃತ್ತಿ ಅರ್ಧಕ್ಕೆ ನಿಂತಿತೆಂದು ಯುರೋಪಿಯನ್ ಅಧಿಕಾರಿಗಳಿಗೆ ಪಿಂಚಣಿಯ ಜೊತೆಗೆ ಪರಿಹಾರವೂ ಸಿಕ್ಕಿತು. ಸ್ವತಂತ್ರ ಭಾರತದ ಸೇವೆಯಲ್ಲಿ ಮುಂದುವರಿದ ಭಾರತೀಯ ಅಧಿಕಾರಿಗಳಿಗೆ ಪರಿಹಾರ ಇರಲಿಲ್ಲ.

● 1948ರ ಜುಲೈ ಒಪ್ಪಂದದಂತೆ, ಬ್ರಿಟನ್ನಿಗೆ ಮರಳಿದ ಅಧಿಕಾರಿಗಳ ಪೌಂಡ್ ಪಿಂಚಣಿಗಾಗಿ ಭಾರತ ಇಡಿಗಂಟಾಗಿ ಸುಮಾರು 16.8 ಕೋಟಿ ಪೌಂಡ್ ತೆತ್ತಿತು. ಆಗಿನ ವಿನಿಮಯ ದರದಲ್ಲಿ ಅದು ಸುಮಾರು 224 ಕೋಟಿ ರೂಪಾಯಿ. ವಿಭಜನೆಯ ನಿರಾಶ್ರಿತರಿಗೆ ಸೂರು ಹುಡುಕುತ್ತಿದ್ದ ದೇಶ, ತನ್ನನ್ನು ಆಳಿದವರ ಪಿಂಚಣಿಯನ್ನು ಸ್ವಾತಂತ್ರ್ಯದ ಮರುವರ್ಷವೇ ಮುಂಗಡ ಕಟ್ಟಿತು. ಆಳಿಸಿಕೊಂಡವರ ಪಿಂಚಣಿಯ ಕತೆ ಎಷ್ಟು ದಶಕ ಎಳೆಯಿತೆಂದು ಮುಂದೆ ನೋಡಿ.

ಆಫ್ರಿಕಾ, ಮಲಯ, ವೆಸ್ಟ್ ಇಂಡೀಸ್

● 1902ರಲ್ಲಿ ಬ್ರಿಟಿಷ್ ಪಶ್ಚಿಮ ಆಫ್ರಿಕಾದ ವಸಾಹತುಗಳ ವೈದ್ಯಕೀಯ ಸೇವೆಯನ್ನು ಒಂದುಗೂಡಿಸಿದಾಗ ಅದಕ್ಕೆ ಯುರೋಪಿಯನ್ ಮೂಲದವರು ಮಾತ್ರ ಅರ್ಹರೆಂದು ನಿಯಮ ಮಾಡಿದರು. ಬ್ರಿಟನ್ನಿನಲ್ಲೇ ಓದಿ ಪದವಿ ಪಡೆದ ಆಫ್ರಿಕನ್ ವೈದ್ಯರೂ ಹೊರಗುಳಿದರು. ಒಳ್ಳೆಯ ಪಿಂಚಣಿ ಇರುವ ಹುದ್ದೆಯ ಬಾಗಿಲನ್ನೇ ಮುಚ್ಚಿದರೆ, ಪಿಂಚಣಿ ನಿಯಮದಲ್ಲಿ ಜನಾಂಗದ ಮಾತು ಬರೆಯುವ ಅಗತ್ಯವೇ ಬೀಳುವುದಿಲ್ಲ.

● ಮಲಯ ಸಿವಿಲ್ ಸೇವೆಗೆ ಸೇರಲು ತಂದೆ ತಾಯಿ ಎರಡೂ ಕಡೆಯಿಂದ ‘ಶುದ್ಧ ಯುರೋಪಿಯನ್ ಮೂಲ’ ಇರಬೇಕೆಂಬ ಷರತ್ತು 1904ರಲ್ಲಿ ಬಂತು. 1910ರಲ್ಲಿ ಮಲಯ ಜನರಿಗಾಗಿ ಕೆಳದರ್ಜೆಯ ಬೇರೊಂದು ಆಡಳಿತ ಸೇವೆ ಹುಟ್ಟಿತು.

● 1918ರಲ್ಲಿ ಬ್ರಿಟಿಷ್ ಸೈನಿಕರ ಸಂಬಳ ಏರಿದಾಗ ಬ್ರಿಟಿಷ್ ವೆಸ್ಟ್ ಇಂಡೀಸ್ ರೆಜಿಮೆಂಟಿನವರನ್ನು ‘ನೇಟಿವ್’ ವರ್ಗಕ್ಕೆ ಸೇರಿಸಿ ಏರಿಕೆ ನಿರಾಕರಿಸಿದರು. ಆ ಡಿಸೆಂಬರಿನಲ್ಲಿ ಇಟಲಿಯ ಟರಾಂಟೊದಲ್ಲಿ ಅವರು ಬಂಡೆದ್ದರು. ದಂಗೆಯನ್ನು ಹತ್ತಿಕ್ಕಿದರು. ಆದರೆ ತಡೆಹಿಡಿದಿದ್ದ ಸಂಬಳ ಏರಿಕೆ ಮರುವರ್ಷ ಅವರಿಗೂ ಸಿಕ್ಕಿತು.

● ಪೂರ್ವ ಆಫ್ರಿಕಾದ ಸರ್ಕಾರಿ ನೌಕರಿಯಲ್ಲಿ ಯುರೋಪಿಯನ್, ಏಷ್ಯನ್, ಆಫ್ರಿಕನ್ ಎಂದು ಮೂರು ವೇತನ ಶ್ರೇಣಿಗಳಿದ್ದವು. ಕೀನ್ಯಾ, ಉಗಾಂಡ, ಟಾಂಗನಿಕಾಗಳ ವೇತನ ಪರಿಶೀಲಿಸಿದ ಹೋಮ್ಸ್ ಆಯೋಗ 1948ರಲ್ಲಿ, ಯುರೋಪಿಯನ್ನರು ಮಾಡುವ ಕೆಲಸವನ್ನೇ ಮಾಡುವ ಇತರರಿಗೆ ಅವರ ಸಂಬಳದ ಐದನೇ ಮೂರು ಭಾಗ ಸಾಕೆಂದಿತು. ಈ ಜನಾಂಗೀಯ ಲೆಕ್ಕವನ್ನು ಕೈಬಿಡಲು ಹೇಳಿದ್ದು 1954ರ ಲಿಡ್‌ಬರಿ ಆಯೋಗ. ಆದರೆ ಹೊರದೇಶದಿಂದ ಬಂದ ಅಧಿಕಾರಿಗಳಿಗೆ ‘ಪ್ರೋತ್ಸಾಹ ವೇತನ’ವೆಂಬ ಹೆಚ್ಚುವರಿ ಹಣ ಉಳಿದೇ ಇತ್ತು.

● ಐದನೇ ಮೂರು ಭಾಗವೆಂದರೆ ಪಿಂಚಣಿಯಲ್ಲಿ ಎಷ್ಟು ಏಟು? ಅನೇಕ ಬ್ರಿಟಿಷ್ ವಸಾಹತುಗಳಲ್ಲಿ ದುಡಿದ ಪ್ರತಿ ತಿಂಗಳಿಗೆ ಸಂಬಳದ 600ನೇ ಒಂದು ಭಾಗದಂತೆ ಪಿಂಚಣಿ ಲೆಕ್ಕ ಹಾಕುತ್ತಿದ್ದರು. 30 ವರ್ಷ, ಅಂದರೆ 360 ತಿಂಗಳು ದುಡಿದವನಿಗೆ ಸಂಬಳದ ಶೇ. 60. ಒಬ್ಬನ ಸಂಬಳ 100 ಆದರೆ ಪಿಂಚಣಿ 60. ಅದೇ ಕೆಲಸಕ್ಕೆ 60 ಪಡೆದವನ ಪಿಂಚಣಿ 36. ಪಿಂಚಣಿ ಸೂತ್ರದಲ್ಲಿ ಬಣ್ಣದ ಮಾತೇ ಇಲ್ಲ. ಲೆಕ್ಕ ಹಾಕುವ ಗುಮಾಸ್ತ ಒಂದು ಅಕ್ಷರವೂ ತಪ್ಪು ಬರೆಯಬೇಕಾಗಿರಲಿಲ್ಲ.

● ಎರಡನೇ ಮಹಾಯುದ್ಧ ಮುಗಿದಾಗ ಪೂರ್ವ ಆಫ್ರಿಕಾದ ಸೈನಿಕರಿಗೆ ಬ್ರಿಟನ್ ಕೊಟ್ಟ ವಿದಾಯ ಧನವನ್ನೂ ಜನಾಂಗ ನೋಡಿಯೇ ನಿಗದಿ ಮಾಡಲಾಗಿತ್ತು. ಕರಿಯ ಸೈನಿಕನಿಗೆ ಸಿಕ್ಕಿದ್ದು ಅದೇ ದರ್ಜೆಯ ಬಿಳಿಯನ ಪಾಲಿನ ಸುಮಾರು ಮೂರನೇ ಒಂದು ಭಾಗ. ಇದಕ್ಕೆ ಸಾಕ್ಷಿಯಾದ ಸರ್ಕಾರಿ ದಾಖಲೆ ಲೋಕದ ಗಮನಕ್ಕೆ ಬಂದದ್ದು 2019ರಲ್ಲಿ. ಅಷ್ಟರಲ್ಲಿ ಬದುಕಿದ್ದವರು 90 ದಾಟಿದ್ದರು.

● 1973ರ ‘ಓವರ್‌ಸೀಸ್ ಪೆನ್ಷನ್ಸ್’ ಕಾಯ್ದೆಯ ಮೂಲಕ, ವಸಾಹತುಗಳಲ್ಲಿ ದುಡಿದು ಮರಳಿದ ಬ್ರಿಟಿಷ್ ಅಧಿಕಾರಿಗಳ ಪಿಂಚಣಿ ಹೊಣೆಯನ್ನು ಬ್ರಿಟನ್ ವಹಿಸಿಕೊಂಡಿತು. ಅವರ ಪಕ್ಕದ ಮೇಜಿನಲ್ಲಿ ಕೂತು ದುಡಿದ ಸ್ಥಳೀಯ ನೌಕರರ ಪಿಂಚಣಿ ಹೊಸದಾಗಿ ಸ್ವತಂತ್ರವಾದ ಬಡ ಸರ್ಕಾರಗಳ ತಲೆಗೇ ಉಳಿಯಿತು. ಅಲ್ಲಿ ನಾಣ್ಯದ ಬೆಲೆ ಕುಸಿದರೆ ಪಿಂಚಣಿಯೂ ಕುಸಿಯುತ್ತಿತ್ತು.

ಫ್ರಾನ್ಸ್: ಹೆಪ್ಪುಗಟ್ಟಿಸಿದ ಪಿಂಚಣಿ

● 1944ರ ಡಿಸೆಂಬರ್ 1. ಜರ್ಮನರ ಸೆರೆಯಿಂದ ಬಿಡುಗಡೆಯಾಗಿ ಮರಳಿದ್ದ ಪಶ್ಚಿಮ ಆಫ್ರಿಕಾದ ಸೈನಿಕರು ಡಕಾರ್ ಬಳಿಯ ತಿಯಾರೊಯ್ ಶಿಬಿರದಲ್ಲಿ ತಮಗೆ ಬರಬೇಕಾದ ಬಾಕಿ ಸಂಬಳ ಕೇಳಿದರು. ಫ್ರೆಂಚ್ ಸೇನೆ ಅವರ ಮೇಲೆ ಗುಂಡು ಹಾರಿಸಿತು. ಅಧಿಕೃತ ಲೆಕ್ಕ ಸತ್ತವರು 35 ಎಂದಿತು. ಅದಕ್ಕಿಂತ ಎಷ್ಟೋ ಹೆಚ್ಚು ಜನ ಸತ್ತಿದ್ದಾರೆನ್ನುವುದು ಅನೇಕ ಇತಿಹಾಸಕಾರರ ವಾದ. ಫ್ರಾನ್ಸಿನ ಅಧ್ಯಕ್ಷರೊಬ್ಬರು ಇದನ್ನು ‘ಹತ್ಯಾಕಾಂಡ’ ಎಂದು ಒಪ್ಪಿಕೊಂಡದ್ದು 80 ವರ್ಷಗಳ ನಂತರ, 2024ರ ನವೆಂಬರಿನಲ್ಲಿ.

● ಸೆನೆಗಲ್‌ನ ಉಸ್ಮಾನ್ ಸೆಂಬೇನ್ ಸಹನಿರ್ದೇಶಕರೊಂದಿಗೆ 1988ರಲ್ಲಿ ‘ಕಾಂ ದ ತಿಯಾರೊಯ್’ ಎಂಬ ಚಿತ್ರದಲ್ಲಿ ಈ ಘಟನೆಯನ್ನು ತೆರೆಗೆ ತಂದರು. ಸ್ವತಃ ಸೆಂಬೇನ್ ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆಯಲ್ಲಿ ದುಡಿದವರು.

● ವಸಾಹತುಗಳು ಒಂದೊಂದಾಗಿ ಕೈತಪ್ಪುತ್ತಿದ್ದಾಗ, 1959ರ ಡಿಸೆಂಬರ್ 26ರ ಹಣಕಾಸು ಕಾಯ್ದೆಯ 71ನೇ ವಿಧಿಯಲ್ಲಿ ಫ್ರಾನ್ಸ್ ಹೊಸ ನಿಯಮ ತಂದಿತು. ಸ್ವತಂತ್ರ ದೇಶಗಳ ಪ್ರಜೆಗಳಾದವರ ಪಿಂಚಣಿ ಅಂದಿನ ದರದಲ್ಲೇ ನಿಂತುಬಿಡುತ್ತದೆ, ಮುಂದೆ ಏರುವುದಿಲ್ಲ. ಜೊತೆಗೆ ಹೋರಾಡಿದ ಫ್ರೆಂಚ್ ಪ್ರಜೆಯ ಪಿಂಚಣಿ ಬೆಲೆಯೇರಿಕೆಯೊಡನೆ ಏರುತ್ತಲೇ ಹೋಯಿತು. ವಸಾಹತುಗಳಲ್ಲಿ ಫ್ರಾನ್ಸಿಗಾಗಿ ದುಡಿದ ಸಿವಿಲ್ ನೌಕರರಿಗೂ ಈ ನಿಯಮ ಅನ್ವಯಿಸಿತು.

● ಈ ಏರ್ಪಾಡಿನ ಕ್ರೌರ್ಯ ಒಂದೇ ದಿನದಲ್ಲಿ ಕಾಣುವಂಥದ್ದಲ್ಲ. ಯಾರ ಪಿಂಚಣಿಯನ್ನೂ ಕಿತ್ತುಕೊಳ್ಳಲಿಲ್ಲ, ಒಂದು ಫ್ರಾಂಕನ್ನೂ ಕಡಿತ ಮಾಡಲಿಲ್ಲ. ಏರಿಕೆಯನ್ನು ನಿಲ್ಲಿಸಿದರು, ಅಷ್ಟೆ. ತುಟ್ಟಿಭತ್ಯೆ ಒಂದು ಕಂತು ತಡವಾದರೇ ಮನೆಯ ಲೆಕ್ಕ ಏರುಪೇರಾಗುವುದು ನಮ್ಮ ಪಿಂಚಣಿದಾರರಿಗೆ ಗೊತ್ತು. ಅದು 40 ವರ್ಷ ನಿಂತರೆ ಏನಾಗುತ್ತದೆಂದು ಊಹಿಸಿ.

● ಫ್ರೆಂಚ್ ಸೇನೆಯಲ್ಲಿ ದುಡಿದ ಸೆನೆಗಲ್‌ನ 743 ನಿವೃತ್ತರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ದೂರು ಕೊಟ್ಟರು. 1989ರ ಏಪ್ರಿಲ್ 3ರಂದು ಸಮಿತಿ ಅವರ ಪರವಾಗಿ ನಿಂತಿತು. ಇಲ್ಲಿ ಜನಾಂಗೀಯ ಭೇದ ಸಾಬೀತಾಗಿಲ್ಲ, ಆದರೆ ಪೌರತ್ವದ ಆಧಾರದ ಮೇಲೆ ತಾರತಮ್ಯ ಆಗಿದೆ ಎಂದಿತು. ಪಿಂಚಣಿ ಹುಟ್ಟಿದ್ದು ಪೌರತ್ವದಿಂದಲ್ಲ, ಹಿಂದೆ ಸಲ್ಲಿಸಿದ ಸೇವೆಯಿಂದ. ಸೇವೆ ಒಂದೇ ಆದ ಮೇಲೆ ಪಿಂಚಣಿ ಬೇರೆ ಆಗುವುದು ಹೇಗೆ? ಸಮಿತಿಯ ತರ್ಕ ಇಷ್ಟು ಸರಳ.

● ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ ಇದೇ ಮಾತನ್ನು ಒಪ್ಪಲು ಇನ್ನೂ 12 ವರ್ಷ ಬೇಕಾಯಿತು. 2001ರ ನವೆಂಬರ್ 30ರ ‘ದಿಯೋಪ್’ ತೀರ್ಪು, ಪೌರತ್ವ ನೋಡಿ ಪಿಂಚಣಿ ನಿಲ್ಲಿಸುವುದು ಯುರೋಪಿನ ಮಾನವ ಹಕ್ಕುಗಳ ಒಪ್ಪಂದಕ್ಕೆ ವಿರುದ್ಧ ಎಂದಿತು.

● ಸರ್ಕಾರ ಸೋತಿತು, ಆದರೆ ಸುಮ್ಮನಾಗಲಿಲ್ಲ. 2002ರ ಡಿಸೆಂಬರಿನ ಕಾಯ್ದೆಯಲ್ಲಿ ಪೌರತ್ವದ ಜಾಗಕ್ಕೆ ವಾಸಸ್ಥಳ ಬಂತು. ಪಿಂಚಣಿ ಮಂಜೂರಾದಾಗ ನೀವಿದ್ದ ದೇಶದಲ್ಲಿ ಜೀವನವೆಚ್ಚ ಎಷ್ಟೋ, ಅದಕ್ಕೆ ತಕ್ಕಷ್ಟು ಪಿಂಚಣಿ. ಡಕಾರ್‌ನಲ್ಲಿ ಅಕ್ಕಿ ಅಗ್ಗವೆಂದು ಡಕಾರ್‌ನವನ ಸೇವೆಯೂ ಅಗ್ಗವಾಯಿತು.

● ಕಾನೂನು ಮಾಡಲಾಗದ್ದನ್ನು ಒಂದು ಸಿನಿಮಾ ಮಾಡಿತು. ರಶೀದ್ ಬುಶಾರೆಬ್ ನಿರ್ದೇಶಿಸಿದ ‘ಆಂಡಿಜೆನ್’ ಉತ್ತರ ಆಫ್ರಿಕಾದ ಸೈನಿಕರ ಕತೆ. 2006ರ ಕಾನ್ ಚಿತ್ರೋತ್ಸವದಲ್ಲಿ ಅದರ ಮುಖ್ಯ ನಟರೆಲ್ಲರಿಗೂ ಒಟ್ಟಾಗಿ ಶ್ರೇಷ್ಠ ನಟ ಪ್ರಶಸ್ತಿ ಬಂತು. ಚಿತ್ರ ನೋಡಿದ ಅಧ್ಯಕ್ಷ ಜಾಕ್ ಶಿರಾಕ್, ಅದು ಬಿಡುಗಡೆಯಾಗುವ ಹೊತ್ತಿಗೆ, ಹಳೆಯ ವಸಾಹತುಗಳ ಸುಮಾರು 80,000 ಮಾಜಿ ಯೋಧರ ಯುದ್ಧ ಪಿಂಚಣಿಯನ್ನು ಸರಿಸಮ ಮಾಡುವ ಘೋಷಣೆ ಹೊರಡಿಸಿದರು. 2007ರ ಜನವರಿಯಿಂದ ಅದು ಜಾರಿಗೆ ಬಂತು. ಆದರೆ ಸೇವಾವಧಿಯ ನಿವೃತ್ತಿ ಪಿಂಚಣಿಗಳು ಅದರಿಂದ ಹೊರಗೇ ಉಳಿದವು.

● ಯಾವುದೇ ಕಕ್ಷಿದಾರ ತನ್ನ ಮೊಕದ್ದಮೆಯಲ್ಲಿ ಕಾಯ್ದೆಯೊಂದರ ಸಂವಿಧಾನಬದ್ಧತೆಯನ್ನು ಪ್ರಶ್ನಿಸುವ ಹಕ್ಕು ಫ್ರಾನ್ಸಿನಲ್ಲಿ ಜಾರಿಗೆ ಬಂದದ್ದು 2010ರ ಮಾರ್ಚ್ 1ರಂದು. ಆ ಹಕ್ಕಿನಡಿ ಬಂದ ಮೊಟ್ಟಮೊದಲ ತೀರ್ಪು ಯಾವುದರ ಕುರಿತು? ಇದೇ ಪಿಂಚಣಿ! 2010ರ ಮೇ 28ರಂದು ಸಂವಿಧಾನ ಮಂಡಳಿ, ಒಂದೇ ದೇಶದಲ್ಲಿ ವಾಸಿಸುವ ಫ್ರೆಂಚ್ ಪಿಂಚಣಿದಾರನಿಗೂ ಬೇರೆ ಪೌರತ್ವದ ಪಿಂಚಣಿದಾರನಿಗೂ ಭೇದ ಮಾಡುವಂತಿಲ್ಲ ಎಂದು ಆ ನಿಯಮಗಳನ್ನು ರದ್ದುಮಾಡಿತು. ರದ್ದತಿ ಜಾರಿಯಾದದ್ದು 2011ರ ಜನವರಿ 1ರಿಂದ. 1959ರಿಂದ ಲೆಕ್ಕ ಹಾಕಿ: ಅರ್ಧ ಶತಮಾನ ಮೀರಿತ್ತು.

● ಫ್ರಾನ್ಸಿನಲ್ಲಿ ನೆಲೆಸಿದ್ದ ಕೊನೆಯ ಸೆನೆಗಲ್ ಯೋಧರು ವೃದ್ಧಾಪ್ಯ ಭತ್ಯೆ ಉಳಿಸಿಕೊಳ್ಳಬೇಕಾದರೆ ವರ್ಷದಲ್ಲಿ ಕನಿಷ್ಠ ಆರು ತಿಂಗಳು ಅಲ್ಲೇ ಇರಬೇಕಿತ್ತು. ಹೆಂಡತಿ ಮಕ್ಕಳು ಆಫ್ರಿಕಾದಲ್ಲಿ, ಮುದುಕ ಪ್ಯಾರಿಸ್ಸಿನ ಹೊರವಲಯದ ಪುಟ್ಟ ಕೋಣೆಯಲ್ಲಿ. ಈ ಷರತ್ತು ಸಡಿಲವಾದದ್ದು 2023ರಲ್ಲಿ. ಆಗ ಅವರಿಗೆಲ್ಲ 90ರ ಆಸುಪಾಸು.

ಜಪಾನ್: ದುಡಿಯುವಾಗ ನಮ್ಮವರು, ಪಿಂಚಣಿಗೆ ಪರಕೀಯರು

● ಕೊರಿಯಾದಲ್ಲಿ ದುಡಿಯಲು ಬಂದ ಜಪಾನಿ ಸರ್ಕಾರಿ ನೌಕರರಿಗೆ ಸಂಬಳದ ಮೇಲೆ ಭಾರಿ ವಸಾಹತು ಭತ್ಯೆ ಸಿಗುತ್ತಿತ್ತು. ಅದೇ ಹುದ್ದೆಯ ಕೊರಿಯನ್ನರಿಗೆ ಮೂಲವೇತನ ಮಾತ್ರ.

● ಎರಡನೇ ಮಹಾಯುದ್ಧದಲ್ಲಿ ಕೊರಿಯಾ ಮತ್ತು ತೈವಾನಿನ ಲಕ್ಷಾಂತರ ಜನ ಜಪಾನಿನ ಪ್ರಜೆಗಳೆಂಬ ಹೆಸರಿನಲ್ಲಿ ಸೇನೆಗೆ, ಸೇನೆಯ ಕೆಲಸಕ್ಕೆ ಸೇರಿದರು, ಅನೇಕರು ಬಲವಂತಕ್ಕೆ. 1952ರ ಏಪ್ರಿಲ್ 28ರಂದು ಶಾಂತಿ ಒಪ್ಪಂದ ಜಾರಿಯಾದಾಗ ಅವರೆಲ್ಲ ಜಪಾನಿ ಪೌರತ್ವ ಕಳೆದುಕೊಂಡರು. ಗಾಯಾಳುಗಳಿಗೂ ಸತ್ತವರ ಕುಟುಂಬಗಳಿಗೂ ಪಿಂಚಣಿ ಕೊಡುವ ಕಾಯ್ದೆ ಹೊರಬಿದ್ದದ್ದು ಏಪ್ರಿಲ್ 30ರಂದು. ಅದು ಜಪಾನಿ ಪ್ರಜೆಗಳಿಗೆ ಮಾತ್ರ. ನಡುವಿನ ಅಂತರ ಎರಡು ದಿನ!

● ಯುದ್ಧಾಪರಾಧದ ವಿಚಾರಣೆಗಳಲ್ಲಿ 148 ಕೊರಿಯನ್ನರಿಗೆ ಶಿಕ್ಷೆಯಾಯಿತು, 23 ಜನರನ್ನು ಗಲ್ಲಿಗೇರಿಸಿದರು. ಶಿಕ್ಷೆ ಅನುಭವಿಸುವಾಗ ಅವರನ್ನು ಜಪಾನೀಯರೆಂದೇ ಪರಿಗಣಿಸಿದರು. ಬಿಡುಗಡೆಯಾಗಿ ಬಂದವರು ಪಿಂಚಣಿ ಕೇಳಿದಾಗ ಸಿಕ್ಕ ಉತ್ತರ, ನೀವು ವಿದೇಶಿಯರು.

● ಕೈಕಾಲು, ಕಣ್ಣು ಕಳೆದುಕೊಂಡು ಟೋಕಿಯೊ ಬೀದಿಗಳಲ್ಲಿ ಭಿಕ್ಷೆ ಎತ್ತುತ್ತಿದ್ದ ಕೊರಿಯನ್ ಮಾಜಿ ಸೈನಿಕರ ಕುರಿತು ನಾಗಿಸಾ ಒಶಿಮಾ 1963ರಲ್ಲಿ ಟಿವಿಗಾಗಿ ಸಾಕ್ಷ್ಯಚಿತ್ರ ಮಾಡಿದರು. ಅದರ ಹೆಸರು ‘ಸಾಮ್ರಾಟನ ಮರೆತುಹೋದ ಸೇನೆ’.

● ತೈವಾನಿನ ಮೃತರ ಕುಟುಂಬಗಳಿಗೂ ತೀವ್ರವಾಗಿ ಗಾಯಗೊಂಡವರಿಗೂ ಜಪಾನ್ ತಲಾ 20 ಲಕ್ಷ ಯೆನ್ ಕೊಡಲು ಒಪ್ಪಿದ್ದು 1987ರಲ್ಲಿ. ಜಪಾನಿನಲ್ಲೇ ನೆಲೆಸಿದ್ದ ಕೊರಿಯನ್ನರ ಸರದಿ ಬಂದದ್ದು 2000ದಲ್ಲಿ: ಮೃತರ ಕುಟುಂಬಕ್ಕೆ 26 ಲಕ್ಷ ಯೆನ್, ಗಾಯಾಳುವಿಗೆ 40 ಲಕ್ಷ. ಎರಡೂ ಒಂದೇ ಸಲದ ಇಡಿಗಂಟು. ಜಪಾನಿ ಸಹಯೋಧರಿಗೆ ದಶಕಗಳ ಕಾಲ ಪ್ರತಿವರ್ಷ ಬಂದ ಪಿಂಚಣಿಗೆ ಅದು ಸಾಟಿಯಲ್ಲ.

ತಡವೂ ಒಂದು ಕಡಿತ

● ಫಿಲಿಪ್ಪೀನ್ಸ್ ಅಮೆರಿಕದ ಅಧೀನದಲ್ಲಿದ್ದಾಗ, 1941ರ ಜುಲೈಯಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅಲ್ಲಿನ ಸೇನೆಯನ್ನು ಅಮೆರಿಕದ ಸೇವೆಗೆ ಕರೆದರು. ಎರಡೂವರೆ ಲಕ್ಷಕ್ಕೂ ಹೆಚ್ಚು ಫಿಲಿಪ್ಪಿನೋಗಳು ಹೋರಾಡಿದರು. ಯುದ್ಧ ಗೆದ್ದ ಆರು ತಿಂಗಳಲ್ಲೇ, 1946ರ ಫೆಬ್ರುವರಿ 18ರಂದು, ಅಮೆರಿಕ ಹೊಸ ಕಾಯ್ದೆ ತಂದು ಅವರ ಸೇವೆಯನ್ನು ಅಮೆರಿಕನ್ ಸೇನಾ ಸೇವೆಯೆಂದು ಪರಿಗಣಿಸುವುದಿಲ್ಲ ಎಂದಿತು. ಬಹುತೇಕ ಪಿಂಚಣಿ ಹಕ್ಕುಗಳು ಅಲ್ಲಿಗೇ ಮುಗಿದವು.

● ಅಮೆರಿಕ ತಪ್ಪು ತಿದ್ದಿಕೊಳ್ಳಲು ಮುಂದಾದದ್ದು 2009ರಲ್ಲಿ. ಪಿಂಚಣಿ ಬದಲಿಗೆ ಒಂದೇ ಸಲದ ಇಡಿಗಂಟು. ಅಮೆರಿಕನ್ ಪೌರತ್ವ ಇದ್ದವರಿಗೆ 15,000 ಡಾಲರ್, ಇಲ್ಲದವರಿಗೆ 9,000. ತಿದ್ದುಪಡಿಯಲ್ಲೂ ಎರಡು ದರ!

● ಡಚ್ ಈಸ್ಟ್ ಇಂಡೀಸಿನ, ಅಂದರೆ ಇಂದಿನ ಇಂಡೊನೇಷ್ಯಾದ, ವಸಾಹತು ಸರ್ಕಾರದ ನೌಕರರಿಗೂ ಸೈನಿಕರಿಗೂ 1942ರಿಂದ 1945ರವರೆಗಿನ ಜಪಾನೀ ಆಕ್ರಮಣದ ಕಾಲದ ಸಂಬಳ ಬಾಕಿ ಉಳಿಯಿತು. ನೆದರ್‌ಲ್ಯಾಂಡ್ಸ್ ಅದು ತನ್ನ ಹೊಣೆಯಲ್ಲ ಎಂದಿತು. ಕೊನೆಗೆ 2015ರಲ್ಲಿ ತಲಾ 25,000 ಯೂರೊ ಕೊಡಲು ಒಪ್ಪಿತು. ಷರತ್ತು ಒಂದೇ: 2015ರ ಆಗಸ್ಟ್ 15ರಂದು ಬದುಕಿರಬೇಕು. ಅದಕ್ಕೆ ಮುನ್ನ ಸತ್ತವರ ಹೆಂಡತಿ ಮಕ್ಕಳಿಗೆ ಏನೂ ಇಲ್ಲ.

ಗೂರ್ಖಾಗಳ ಹೋರಾಟ

● 1947ರಲ್ಲಿ ಬ್ರಿಟನ್, ಭಾರತ, ನೇಪಾಳ ಒಪ್ಪಂದ ಮಾಡಿಕೊಂಡು ಗೂರ್ಖಾ ರೆಜಿಮೆಂಟುಗಳನ್ನು ಹಂಚಿಕೊಂಡವು. ಬ್ರಿಟಿಷ್ ಸೇನೆಗೆ ಹೋದ ಗೂರ್ಖಾನ ಪಿಂಚಣಿಯನ್ನು ಭಾರತೀಯ ಸೇನೆಯ ದರಕ್ಕೆ ಕಟ್ಟಿಹಾಕಲಾಯಿತು. ಹೋರಾಡಿದ್ದು ಬ್ರಿಟನ್ನಿಗಾಗಿ, ಪಿಂಚಣಿ ಮಾತ್ರ ಬ್ರಿಟಿಷ್ ದರದ್ದಲ್ಲ.

● ಪಿಂಚಣಿಗೆ 15 ವರ್ಷದ ಸೇವೆ ಬೇಕಿತ್ತು. 1960ರ ದಶಕದ ಕೊನೆಯಲ್ಲಿ ಸೇನೆಯನ್ನು ಕಿರಿದುಮಾಡಿದಾಗ ಸಾವಿರಾರು ಗೂರ್ಖಾಗಳನ್ನು ಅದಕ್ಕೆ ಮುಂಚೆಯೇ ಮನೆಗೆ ಕಳಿಸಿದರು. ಅವರಿಗೆ ಪಿಂಚಣಿಯೇ ಇಲ್ಲ.

● ಜಪಾನೀಯರ ಯುದ್ಧಕೈದಿಗಳಾಗಿದ್ದವರಿಗೆ ಬ್ರಿಟನ್ 2000ದಲ್ಲಿ ತಲಾ 10,000 ಪೌಂಡ್ ಘೋಷಿಸಿ ಗೂರ್ಖಾಗಳನ್ನು ಕೈಬಿಟ್ಟಿತು. 2002ರ ನವೆಂಬರಿನಲ್ಲಿ ಲಂಡನ್ ಹೈಕೋರ್ಟ್ ಇದು ತಾರತಮ್ಯವೆಂದು ತೀರ್ಪು ಕೊಟ್ಟಿತು.

● 2007ರಲ್ಲಿ ಗೂರ್ಖಾಗಳಿಗೆ ಬ್ರಿಟಿಷ್ ಪಿಂಚಣಿ ಯೋಜನೆಯ ಬಾಗಿಲು ತೆರೆಯಿತು, ಆದರೆ 1997ರ ಜುಲೈ 1ರ ನಂತರವೂ ಸೇವೆಯಲ್ಲಿದ್ದವರಿಗೆ ಮಾತ್ರ. ಅದಕ್ಕೆ ಮುಂಚೆ ನಿವೃತ್ತರಾದವರು ನೇಪಾಳದಲ್ಲೇ ಬದುಕುತ್ತಾರೆ, ಅಲ್ಲಿ ಖರ್ಚು ಕಡಿಮೆ ಎಂಬುದು ಸರ್ಕಾರದ ವಾದ. 2009ರಲ್ಲಿ ನಟಿ ಜೊಆನಾ ಲಮ್ಲಿ ಮುಂದೆ ನಿಂತು ನಡೆಸಿದ ಹೋರಾಟದಿಂದ ಹಳೆಯ ಗೂರ್ಖಾಗಳಿಗೂ ಬ್ರಿಟನ್ನಿನಲ್ಲಿ ನೆಲೆಸುವ ಹಕ್ಕು ಸಿಕ್ಕಿತು. ಲಂಡನ್ನಿನ ಬಾಡಿಗೆ ಕಟ್ಟಬೇಕು, ಪಿಂಚಣಿ ಮಾತ್ರ ಕಠ್ಮಂಡುವಿನ ಲೆಕ್ಕದ್ದು.

● ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2016ರಲ್ಲಿ ಈ ಭೇದಕ್ಕೆ ಸಮರ್ಥನೆ ಇದೆ ಎಂದು ಬ್ರಿಟನ್ನಿನ ಪರ ತೀರ್ಪಿತ್ತಿತು. ಗೂರ್ಖಾಗಳು ಬಿಡಲಿಲ್ಲ. 2021ರ ಆಗಸ್ಟಿನಲ್ಲಿ ಪ್ರಧಾನಿ ನಿವಾಸದೆದುರು 13 ದಿನ ಉಪವಾಸ ಕೂತು ಸರ್ಕಾರವನ್ನು ಮಾತುಕತೆಗೆ ಎಳೆತಂದರು.

ಡಿಸೆಂಬರ್ 17 ಏಕೆ ಮುಖ್ಯ?

● ಭಾರತದಲ್ಲಿ ಡಿಸೆಂಬರ್ 17 ಪಿಂಚಣಿದಾರರ ದಿನ. 1982ರ ಆ ದಿನ ನಕಾರಾ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್, ಪಿಂಚಣಿ ಸರ್ಕಾರದ ಕೃಪೆಯಲ್ಲ, ದುಡಿದವನ ಹಕ್ಕು ಎಂದು ಸಾರಿತು. 1979ರ ಮಾರ್ಚ್ 31ರ ಮೊದಲು ನಿವೃತ್ತರಾದವರಿಗೆ ಹೊಸ ಸೂತ್ರ ಅನ್ವಯಿಸದು ಎಂಬ ನಿಯಮ ಅಲ್ಲಿ ಬಿದ್ದುಹೋಯಿತು. ಅಲ್ಲಿ ಜನಾಂಗದ ಪ್ರಶ್ನೆ ಇರಲಿಲ್ಲ. ಆದರೆ ದಿನಾಂಕವೊಂದು ಸಮಾನ ದುಡಿಮೆಯನ್ನು ಹೇಗೆ ಸೀಳುತ್ತದೆಂದು ಆ ಪೀಠ ಕಂಡಿತ್ತು.

● ಸಾಮ್ರಾಜ್ಯಗಳು ಬಿಟ್ಟುಹೋದ ಈ ಚರಿತ್ರೆ ಒಂದು ಪಾಠ ಕಲಿಸುತ್ತದೆ: ಪಿಂಚಣಿಯ ಅನ್ಯಾಯಕ್ಕೆ ಕಾಯುವುದೇ ಸರ್ಕಾರದ ಲಾಭ. ತಡಮಾಡಿದ ಪ್ರತಿ ವರ್ಷ ಹಕ್ಕುದಾರರ ಪಟ್ಟಿ ಚಿಕ್ಕದಾಗುತ್ತದೆ, ಖಜಾನೆಗೆ ಉಳಿತಾಯವಾಗುತ್ತದೆ. ಆದ್ದರಿಂದ ಯಾವ ದೇಶದ ಯಾವ ಪಿಂಚಣಿ ಆದೇಶವನ್ನೇ ಓದಿದರೂ ಮೂರು ಪ್ರಶ್ನೆ ಕೇಳಿ. ಒಂದೇ ಕೆಲಸ ಮಾಡಿದವರಲ್ಲಿ ಯಾರು ಹೊರಗುಳಿದರು? ಅವರನ್ನು ಹೊರಗಿಟ್ಟ ಗೆರೆ ದಿನಾಂಕವೋ, ಊರೋ, ಪೌರತ್ವವೋ? ಬಾಕಿ ಹಣ ಯಾವ ದಿನದಿಂದ, ಸತ್ತವರ ಮನೆಯವರಿಗೂ ಸಲ್ಲುತ್ತದೆಯೇ? ಈ ಮೂರಕ್ಕೂ ಸರಿಯಾದ ಉತ್ತರ ಬರುವವರೆಗೆ ದುಡಿದವರ ಸಂಬಳ ಪೂರ್ತಿ ಚುಕ್ತಾ ಆಗಿಲ್ಲ.